ಅರಿಶಿನ 100 ಗ್ರಾಂ, ಕಾರಿಗೆ

ಚರಿತ್ರೆ ಎಂದರೆ ಶಾಸನ, ಕಡತ, ದಫ್ತರಗಳಲ್ಲಿ ಇರುವಂಥದ್ದು ಎಂದು ನಾವು ಪಾಠ ಹೇಳುವವರೇ ಮಕ್ಕಳ ತಲೆಗೆ ತುಂಬಿಬಿಟ್ಟಿದ್ದೇವೆ. ಮನೆಯ ದಿನಸಿ ಲೆಕ್ಕದ ಪುಸ್ತಕವೂ ಒಂದು ದಾಖಲೆ ಎಂದು ಯಾವ ಪಠ್ಯದಲ್ಲಿಯೂ ಬರೆದದ್ದನ್ನು ನಾನು ಕಂಡಿಲ್ಲ. ಆದರೆ ಒಂದು ಕಾಲದ ಜನ ಏನು ತಿಂದರು, ಏನು ಉಳಿಸಿದರು, ಯಾವುದಕ್ಕಾಗಿ ಸಾಲ ಮಾಡಿದರು ಎಂದು ತಿಳಿಯಬೇಕಾದರೆ ಹೆಂಗಸರು ಗೆರೆ ಎಳೆದು ಬರೆದಿಟ್ಟ ಆ ಪುಸ್ತಕಗಳಷ್ಟು ನಂಬಿಕೆಯ ಸಾಕ್ಷಿ ಬೇರೆ ಇಲ್ಲ. ಅವು ಯಾರನ್ನೂ ಮೆಚ್ಚಿಸಲು ಬರೆದವಲ್ಲ. ತಿಂಗಳ ಕೊನೆಗೆ ಕೂಡಿ, ಕಳೆದು, ತಾಳೆ ನೋಡಲು ಬರೆದವು. ಅಲ್ಲಿ ಸುಳ್ಳಿಗೆ ಜಾಗವಿಲ್ಲ.

ನನ್ನ ಅಮ್ಮ ಲೋಯರ್ ಸೆಕೆಂಡರಿವರೆಗೆ ಓದಿದವಳು. ಮದುವೆಯಾದ ವರ್ಷದಿಂದ ಕಣ್ಣು ಮಂಜಾಗುವವರೆಗೂ ಲೆಕ್ಕ ಬರೆದಳು. ಅವಳ 1981ರ ಪುಸ್ತಕದಲ್ಲಿ ದಸರಾಕ್ಕೆ ಮುಂಚಿನ ಒಂದು ಪುಟವಿದೆ. ತೊಗರಿಬೇಳೆ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎಂದು ಸಾಗುವ ಪಟ್ಟಿಯ ನಡುವೆ ಫ್ಯಾನ್ ಬೆಲ್ಟ್ 1, ಟ್ಯೂಬ್ 2, ಬಾರ್ ಸೋಪು 1 ಎಂದು ಬರುತ್ತದೆ. ಅದರ ಕೆಳಗೆ ಎರಡು ಸಾಲು: 'ಅರಿಶಿನದ ಪುಡಿ 100 ಗ್ರಾಂ, ಅಡಿಗೆಗೆ. ಅರಿಶಿನದ ಪುಡಿ 100 ಗ್ರಾಂ, ಕಾರಿಗೆ.' ಈ ಎರಡನೆಯ ಸಾಲಿನ ಅರ್ಥ ಬಿಡಿಸಿ ಹೇಳುವುದಕ್ಕೆ ನಾನು ಇಷ್ಟೆಲ್ಲ ಬರೆಯಬೇಕಾಗಿದೆ. ಏಕೆಂದರೆ ಆ ಸಾಲಿನ ಹಿಂದೆ ಒಂದು ಹಳೆಯ ಅಂಬಾಸಿಡರ್ ಕಾರಿದೆ, ಒಬ್ಬ ಮುದುಕಿಯ ಹರಕೆಯಿದೆ, ಒಂದು ಜೊತೆ ಬಂಗಾರದ ಬಳೆಯಿದೆ. ನಮ್ಮ ದೇಶದಲ್ಲಿ ಕಾರು ಎಂಬ ವಸ್ತು ಸಂಸಾರಗಳ ಒಳಗೆ ಬಂದ ಕಥೆಯೂ ಇದೆ.

ಈಗಿನ ಮಕ್ಕಳಿಗೆ ಹಳೆಯ ಕಾರನ್ನು ಅಷ್ಟು ವರ್ಷ ಏಕೆ ಇಟ್ಟುಕೊಳ್ಳುತ್ತಿದ್ದರು ಎಂಬುದೇ ತಿಳಿಯುವುದಿಲ್ಲ. ಇಟ್ಟುಕೊಳ್ಳದೆ ಬೇರೆ ದಾರಿ ಇರಲಿಲ್ಲ ಎಂದರೆ ನಗುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ತಯಾರಿಸಿ ಓಡಾಡಿದರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಮುಂದೆ 1942ರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್, 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದವು. ಸ್ವಾತಂತ್ರ್ಯ ಬಂದ ಮೇಲೆ ಹೊರದೇಶದ ಕಾರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಇಲ್ಲಿ ಬರೀ ಬಿಡಿಭಾಗ ಜೋಡಿಸಿ ಮಾರುತ್ತಿದ್ದ ವಿದೇಶಿ ಕಂಪನಿಗಳು 1950ರ ದಶಕದ ನಡುವೆ ಹೊರಟುಹೋದವು. ಉಳಿದದ್ದು ಕಲ್ಕತ್ತೆಯ ಹತ್ತಿರದ ಉತ್ತರಪಾಡದ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿ. ಅದನ್ನು ಅಲ್ಲಿ ಬಿಟ್ಟ ಮೇಲೂ ಇಲ್ಲಿ ದಶಕಗಳ ಕಾಲ ಮಾಡಿದರು. 1980ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಸುಮಾರು 30 ಸಾವಿರ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾದರೂ ಕೊಳ್ಳುವಷ್ಟು ದುಡ್ಡು ಎಷ್ಟು ಮನೆಯಲ್ಲಿತ್ತು?

ಹಾಗಾಗಿ ನಮ್ಮಂಥ ಸಣ್ಣ ಊರಿಗೆ ಕಾರು ಬರುತ್ತಿದ್ದುದು ಎರಡನೆಯ ಕೈ, ಮೂರನೆಯ ಕೈ ದಾಟಿ. ಚನ್ನರಾಯಪಟ್ಟಣದಲ್ಲಿ ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. 1973ರ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾಗಿ, ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲು ತುಟ್ಟಿಯಾದಾಗ ಎಷ್ಟೋ ಜನರಿಗೆ ಕಾರು ಸಾಕುವುದು ಆನೆ ಸಾಕಿದಂತಾಯಿತು. ಸಕಲೇಶಪುರದ ಕಡೆಯ ಒಬ್ಬ ತೋಟದವರು ತಮ್ಮ 1964ರ ಅಂಬಾಸಿಡರನ್ನು ಮಾರಲು ತೆಗೆದರು. ದೂರದ ಒಂದು ಯುದ್ಧದಿಂದ ನಮ್ಮ ಮನೆ ಮುಂದೆ ಕಾರು ಬಂದು ನಿಂತಿತು ಎಂದರೆ ಉತ್ಪ್ರೇಕ್ಷೆಯಲ್ಲ. ವಾರಕ್ಕೊಂದು ಸಲ ಸಂತೆಗೆ, ಯಾರದಾದರೂ ಮದುವೆಗೆ, ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ಅದು ಓಡುತ್ತಿತ್ತು. ಬೀದಿಯವರಿಗೆಲ್ಲ ಅದು 'ನಮ್ಮ ಕಾರು.'

ಅದರ ಎಂಜಿನ್ನು ಸೋತದ್ದು 1981ರ ಫೆಬ್ರವರಿಯಲ್ಲಿ. ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕ ಆಗ ನಡೆಯಿತು. ನಮ್ಮೂರಿಗೂ ಬೆಳಗೊಳಕ್ಕೂ ಹತ್ತು ಹನ್ನೆರಡು ಕಿಲೋಮೀಟರಿನ ದಾರಿ. ಇದ್ದ ನೆಂಟರು, ಇಲ್ಲದ ನೆಂಟರು ಎಲ್ಲರೂ ಬಂದರು. ತಿಂಗಳುಗಟ್ಟಲೆ ಕಾರು ಅವರನ್ನು ಹೊತ್ತು ತಿರುಗಿತು. ಜಾತ್ರೆ ಮುಗಿಯುವ ಹೊತ್ತಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬರಲು ಶುರುವಾಯಿತು. ಎಂಜಿನ್ ಆಯಿಲ್ ಒಳಗೇ ಸುಡುತ್ತಿದೆ ಎಂದು ಅದರ ಅರ್ಥ. ಅಪ್ಪ ಕಾರನ್ನು ಕೊಟ್ಟಿಗೆಗೆ ತಳ್ಳಿ, ಮೇಲೆ ಗೋಣಿತಾಟು ಹೊದಿಸಿ, ಇನ್ನು ಇದರ ಆಯಸ್ಸು ಇಷ್ಟೇ ಅಂದರು.

ಅಷ್ಟರಲ್ಲಿ ಅಜ್ಜಿ ಬಾಯಿ ಬಿಟ್ಟಳು. ಅಜ್ಜಿ 1969ರಲ್ಲಿ ಊರಿನ ಯಾತ್ರಿಕರ ಜೊತೆ ರೈಲಿನಲ್ಲಿ ಕಾಶಿಗೆ ಹೋಗಿಬಂದಿದ್ದಳು. ಅಲ್ಲಿಂದ ತಂದ ಗಂಗೆ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ದೇವರ ಗೂಡಿನಲ್ಲಿತ್ತು. ಓದುವ ಹಿರಿಯರಿಗೆ ಗೊತ್ತಿರುತ್ತದೆ: ಕಾಶಿಯ ಗಂಗೆಯನ್ನು ರಾಮೇಶ್ವರದ ಲಿಂಗಕ್ಕೆ ಅಭಿಷೇಕ ಮಾಡಿಸುವವರೆಗೆ ಕಾಶೀಯಾತ್ರೆ ಪೂರ್ತಿಯಾಯಿತು ಎನ್ನುವುದಿಲ್ಲ. ಹನ್ನೆರಡು ವರ್ಷದಿಂದ ಒಂದಲ್ಲ ಒಂದು ಅಡ್ಡಿ. ಈಗ ಅಜ್ಜಿಗೆ ಎಪ್ಪತ್ತಾರು. ಮಂಡಿ ಮಡಚುವುದಿಲ್ಲ. ಆಗ ನಮ್ಮೂರಿಗೆ ರೈಲಿರಲಿಲ್ಲ. ಬಸ್ಸು, ರೈಲು ಎಂದು ಐದಾರು ಕಡೆ ಹತ್ತಿ ಇಳಿಯುವ ಶಕ್ತಿ ಅವಳಿಗಿಲ್ಲ. 'ಗಿಂಡಿ ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೇನೋ' ಅಂದಳಂತೆ ಒಂದು ಸಂಜೆ, ಯಾರಿಗೂ ಹೇಳದ ಹಾಗೆ, ದೇವರಿಗೆ. ಕೇಳಿಸಿಕೊಂಡವಳು ಅಮ್ಮ.

ಹಳೆಯ ಕಾರನ್ನು ದೂರದ ದಾರಿಗೆ ಹೊರಡಿಸುವುದೆಂದರೆ ಏನೆಂದು ಈಗ ಹೇಳಬೇಕು. ದಾರಿ ಹೀಗೆ: ಮೈಸೂರು, ಚಾಮರಾಜನಗರ, ಅಲ್ಲಿಂದ ಕಾಡಿನ ನಡುವೆ ದಿಂಬಂ ಘಾಟಿ ಇಳಿದು ಸತ್ಯಮಂಗಲ, ಮುಂದೆ ದಿಂಡಿಗಲ್, ಮದುರೆ, ಕೊನೆಗೆ ಸಮುದ್ರದ ದಡದ ಮಂಡಪಂ. ಹೋಗುವುದಕ್ಕೇ ಸುಮಾರು ಆರುನೂರು ಕಿಲೋಮೀಟರು. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನಮ್ಮದು ಎತ್ತರದ ಸೀಮೆಯಾದ್ದರಿಂದ ಹೋಗುವಾಗ ಇಳಿಜಾರು, ಬರುವಾಗ ಏರು. 'ಹೋಗೋದಕ್ಕೆ ಬ್ರೇಕು ಬೇಕು, ಬರೋದಕ್ಕೆ ರೇಡಿಯೇಟರ್ ಬೇಕು, ಎರಡಕ್ಕೂ ಎಂಜಿನ್ ಬೇಕು' ಎಂದು ಗ್ಯಾರೇಜಿನ ಸಾಬರು ಒಂದೇ ಮಾತಿನಲ್ಲಿ ಹೇಳಿದರು. ಅವರ ಗ್ಯಾರೇಜೆಂದರೆ ಹುಣಸೆಮರದ ನೆರಳು, ಒಂದು ತಗಡಿನ ಚಪ್ಪರ, ನಾಲ್ಕು ಸ್ಪ್ಯಾನರು. ಓದು ಬರಹ ಬಾರದ ಅವರು ಬಾನೆಟ್ಟಿಗೆ ಕಿವಿಕೊಟ್ಟು, ಯಾವ ವಾಲ್ವು ಸರಿಯಿಲ್ಲ ಎಂದು ಹೇಳುತ್ತಿದ್ದರು.

ಎಂಜಿನ್ನಿಗೆ ಬೋರಿಂಗ್ ಆಗಬೇಕಿತ್ತು. ವರ್ಷಗಟ್ಟಲೆ ಪಿಸ್ಟನ್ನು ಮೇಲೆ ಕೆಳಗೆ ಉಜ್ಜಿ ಉಜ್ಜಿ ಸಿಲಿಂಡರಿನ ಗೋಡೆ ಸವೆದಿರುತ್ತದೆ. ಅದನ್ನು ಲೇತಿನಲ್ಲಿ ಸಮನಾಗಿ ಕೊರೆದು, ಆ ಅಳತೆಗೆ ಸ್ವಲ್ಪ ದಪ್ಪನೆಯ ಹೊಸ ಪಿಸ್ಟನ್, ರಿಂಗುಗಳನ್ನು ಹಾಕುತ್ತಾರೆ. ನಮ್ಮೂರಿನಲ್ಲಿ ಆಗದು, ಮೈಸೂರಿಗೆ ಕಳಿಸಬೇಕು. ಜೊತೆಗೆ ಬ್ರೇಕಿನ ಲೈನಿಂಗು, ಹೋಸ್ ಪೈಪು, ಎರಡು ಟೈರು. ಎಲ್ಲ ಸೇರಿಸಿ ಸಾಬರು ಹೇಳಿದ ಮೊತ್ತ ಕೇಳಿ ಅಪ್ಪ ಸುಮ್ಮನೆ ಎದ್ದು ಬಂದರು. ಆ ವರ್ಷ ಕೊಬ್ಬರಿಯ ಹಣ ಮಂಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಲೆಕ್ಕದ ಪುಸ್ತಕದಲ್ಲಿ ಮುಂದಿನ ಸಾಲು ಬಹಳ ಚಿಕ್ಕದು. 'ಬಳೆ ಜೊತೆ, ಗಿರವಿ.' ಅಷ್ಟೇ. ಅಮ್ಮನ ತವರಿನವರು ಮದುವೆಗೆ ಕೊಟ್ಟ ಬಳೆಗಳವು. ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಯಾರನ್ನೂ ಕೇಳಲಿಲ್ಲ. ಮಂಗಳವಾರ ಬೇಡವೆಂದು ಬುಧವಾರ ಬೆಳಿಗ್ಗೆ ಬಿಚ್ಚಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿ ಅಪ್ಪನ ಮುಂದಿಟ್ಟಳು. ಕೈಗೆ ಡಜನ್ ಹಸಿರು ಗಾಜಿನ ಬಳೆ ಬಂದವು. ಹೆಣ್ಣಿನ ಸ್ವತ್ತು ಪೂರ್ತಿ ಅವಳದೇ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳಿ ಆಗಲೇ 25 ವರ್ಷವಾಗಿತ್ತು. ಆದರೆ ಕಾಯಿದೆಯಲ್ಲಿ 'ಅವಳದು' ಆದದ್ದು ಮನೆಯ ಕಷ್ಟದಲ್ಲಿ 'ಎಲ್ಲರದು' ಆಗುತ್ತದೆ. ಕಷ್ಟ ಕಳೆದ ಮೇಲೆ ಅದರಿಂದ ಕೊಂಡ ವಸ್ತು ಮಾತ್ರ ಒಬ್ಬರದೇ ಹೆಸರಿನಲ್ಲಿ ಉಳಿಯುತ್ತದೆ. ನಮ್ಮ ಕಾರಿನ ಆರ್.ಸಿ. ಪುಸ್ತಕದಲ್ಲಿದ್ದುದು ಅಪ್ಪನ ಹೆಸರು.

ಹೆಂಗಸಿನ ಒಡವೆಯ ಹಣ ಕಾರಿಗೆ ಹೋದದ್ದು ನಮ್ಮ ಮನೆಯಲ್ಲಿಯೇ ಮೊದಲೇನಲ್ಲ. ಜಗತ್ತಿನಲ್ಲಿ ಕಾರು ಹುಟ್ಟಿದ್ದೇ ಹಾಗೆ. ಜರ್ಮನಿಯ ಕಾರ್ಲ್ ಬೆಂಜ್ ಎಂಬ ಎಂಜಿನಿಯರು 1871ರಲ್ಲಿ ಮ್ಯಾನ್‌ಹೈಮ್ ಊರಿನಲ್ಲಿ ಒಂದು ಕಾರ್ಖಾನೆ ಹಾಕಿದರು. ಪಾಲುದಾರ ಕೈಕೊಟ್ಟಾಗ ಅದು ಮುಳುಗುವ ಹಾಗಾಯಿತು. ಅವರು ಮದುವೆಯಾಗಬೇಕಿದ್ದ ಹುಡುಗಿ ಬರ್ತಾ ತನ್ನ ತವರಿನ ಬಳುವಳಿಯನ್ನು ಮದುವೆಗೆ ಮೊದಲೇ ತರಿಸಿ, ಆ ಪಾಲುದಾರನ ಲೆಕ್ಕ ತೀರಿಸಿ ಕಾರ್ಖಾನೆ ಉಳಿಸಿದಳು. 1872ರಲ್ಲಿ ಮದುವೆಯಾಯಿತು. 1886ರ ಜನವರಿ 29ರಂದು ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು. ಅದರಲ್ಲಿದ್ದುದು ಗಂಡನ ಹೆಸರೊಂದೇ.

ಗಾಡಿಯೇನೋ ಆಯಿತು, ಕೊಳ್ಳುವವರಿಲ್ಲ. ದೂರದ ದಾರಿಗೆ ಇದು ಆದೀತೇ ಎಂದು ಜನಕ್ಕೆ ಅನುಮಾನ. 1888ರ ಆಗಸ್ಟಿನಲ್ಲಿ ಒಂದು ಬೆಳಗಿನ ಜಾವ ಬರ್ತಾ ಗಂಡನಿಗೆ ತಿಳಿಸದೆ, ಇಬ್ಬರು ಹುಡುಗರನ್ನು ಕರೆದುಕೊಂಡು ಅದೇ ಗಾಡಿಯಲ್ಲಿ ತವರೂರು ಪ್ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಅಷ್ಟು ದೂರ ಅದುವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಹೋಗಿರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೊಯಿನ್ ಎಂಬ ದ್ರಾವಣ ಕೊಂಡಳು. ಮರದ ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇವತ್ತಿಗೂ ಬ್ರೇಕಿಗೆ ಹಾಕಿಸುವ ಲೈನಿಂಗಿನ ಮೂಲ ಅದೇ. ಏರಿನಲ್ಲಿ ಹುಡುಗರು ಇಳಿದು ತಳ್ಳಬೇಕಾಯಿತು. ಗಾಡಿಗೆ ಇನ್ನೊಂದು ಗೇರು ಬೇಕು ಎಂದು ಬಂದು ಗಂಡನಿಗೆ ಹೇಳಿದವಳೂ ಅವಳೇ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬರ್ತಾ ಬಳಸಿದ ಸಾಮಾನುಗಳಲ್ಲಿ ಒಂದೂ ಕಾರ್ಖಾನೆಯದಲ್ಲ. ಪಿನ್ನು, ಪಟ್ಟಿ, ಕಲೆ ತೆಗೆಯುವ ದ್ರಾವಣ, ಎಲ್ಲ ಹೆಂಗಸಿನ ಕೈಗೆ ದಿನನಿತ್ಯ ಸಿಗುವಂಥವು. ಮನೆ ನಡೆಸುವವರಿಗೆ ಒಂದು ವಿದ್ಯೆ ಇರುತ್ತದೆ. ಇದ್ದದ್ದರಲ್ಲಿ ಇಲ್ಲದ್ದನ್ನು ಸರಿದೂಗಿಸುವ ವಿದ್ಯೆ. ಅದಕ್ಕೆ ಡಿಗ್ರಿ ಕೊಡುವುದಿಲ್ಲವಾದ್ದರಿಂದ ಅದು ವಿದ್ಯೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಸಾಬರಿಗೆ ಅದು ಅನ್ನಿಸಿತ್ತು. ಎಂಜಿನ್ನು ಮೈಸೂರಿನಿಂದ ಬಂದು ಕೂತ ಮೇಲೆ ಹೊಸ ಪಿಸ್ಟನ್ ಪಳಗಲೆಂದು ಅಪ್ಪ ತಿಂಗಳು ಪೂರ್ತಿ ನಿಧಾನವಾಗಿ ಬೆಳಗೊಳಕ್ಕೆ, ಹಾಸನಕ್ಕೆ ಓಡಿಸಿದರು. ಅಪ್ಪನಿಗೆ ಓಡಿಸಲು ಬರುತ್ತಿತ್ತು, ಸಹನೆ ಕಡಿಮೆ. ಆದ್ದರಿಂದ ದಾರಿಯಲ್ಲಿ ಏನಾದರೆ ಏನು ಮಾಡಬೇಕೆಂಬುದನ್ನು ಸಾಬರು ಹೇಳಿದ್ದು ಅಮ್ಮನಿಗೆ. 'ಅಮ್ಮಾವ್ರೆ, ನೀವು ಬರ್ಕೊಳ್ಳಿ, ಸ್ವಾಮಿಗಳು ಮರೀತಾರೆ' ಅಂದರು. ಅಮ್ಮ ಜಗಲಿಯ ಕಂಬದ ಮರೆಯಲ್ಲಿ ಕೂತು ಬರೆದುಕೊಂಡಳು. ಪೆಟ್ರೋಲ್ ಟ್ಯಾಂಕಿಗೆ ಕಲ್ಲು ಬಡಿದು ಜಿನುಗಿದರೆ ಬಾರ್ ಸೋಪು ಒತ್ತಿ ತಿಕ್ಕಬೇಕು, ಪೆಟ್ರೋಲಿಗೆ ಸೋಪು ಕರಗುವುದಿಲ್ಲ. ಬ್ಯಾಟರಿ ತುದಿಗೆ ಹಸಿರು ಕಿಲುಬು ಕಟ್ಟಿದರೆ ಅಡಿಗೆ ಸೋಡಾದ ನೀರು. ಬಿಸಿಲಲ್ಲಿ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಎಂಜಿನ್ನು ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ. ರೇಡಿಯೇಟರ್ ಸೀಳಿ ನೀರು ಸೋರಿದರೆ ಅರಿಶಿನದ ಪುಡಿ. ನೀರಿನ ಜೊತೆ ತಿರುಗುತ್ತಾ ಪುಡಿ ಊದಿಕೊಂಡು ಸೀಳಿನಲ್ಲಿ ಕೂತು ಸ್ವಲ್ಪ ಹೊತ್ತು ತಡೆಯುತ್ತದೆ. ಅಮ್ಮನಿಗೆ ಇದರಲ್ಲಿ ಯಾವುದೂ ಹೊಸದೆನಿಸಲಿಲ್ಲ. ಮಡಕೆಗೆ ಒದ್ದೆ ಬಟ್ಟೆ ಸುತ್ತಿ ನೀರು ತಣ್ಣಗಿಡುವವಳಿಗೆ ಪೆಟ್ರೋಲ್ ಪಂಪಿಗೆ ಸುತ್ತುವುದು ಏನು ದೊಡ್ಡದು? (ಈಗಿನ ಕಾರುಗಳ ರೇಡಿಯೇಟರಿಗೆ ಮಾತ್ರ ಅರಿಶಿನ ಹಾಕಬೇಡಿ. ಅದರ ಸಣ್ಣ ಕೊಳವೆಗಳು ಕಟ್ಟಿಕೊಂಡಾವು.)

ಡಿಕ್ಕಿ ತುಂಬುವುದೇ ಒಂದು ಶಾಸ್ತ್ರ. ಮೊದಲು ಸ್ಟೆಪ್ನಿ, ಜಾಕಿ, ಟಾಮಿ. ಸ್ಟೆಪ್ನಿ ಎಂಬ ಮಾತಿಗೂ ಒಂದು ಚರಿತ್ರೆಯಿದೆ. ವೇಲ್ಸ್ ದೇಶದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಇಬ್ಬರು ಅಣ್ಣತಮ್ಮಂದಿರು 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಲು ತೊಡಗಿದರು. ಅವರ ನಾಡಿನಲ್ಲಿ ಆ ಮಾತು ಬಳಕೆ ತಪ್ಪಿತು. ನಮ್ಮ ಹಳ್ಳಿಯ ಹುಡುಗನ ಬಾಯಲ್ಲಿ ಇವತ್ತಿಗೂ ಇದೆ. ಅದರ ಮೇಲೆ ಹೋಲ್ಡಾಲು, ಬತ್ತಿ ಸ್ಟವ್, ಸೀಮೆಎಣ್ಣೆ ಡಬ್ಬ, ಪಾತ್ರೆಯ ಚೀಲ. ಅಜ್ಜಿ ಹೋಟೆಲಿನದು ಮುಟ್ಟುವವಳಲ್ಲ. ಆದ್ದರಿಂದ ಮೂರು ದಿನ ಕೆಡದ ಊಟ ಬೇಕು. ಹುಳಿಯವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು, ಕೊಬ್ಬರಿ ಮಿಠಾಯಿ. ಹಾಲು ಹಾಕಿ ಕಲಸಿ ಒಂದು ಚಮಚ ಮೊಸರು ಬೆರೆಸಿದ ಅನ್ನ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಮೊಸರನ್ನ. ಮುಂದಿನ ಬಂಪರಿಗೆ ಕ್ಯಾನ್ವಾಸಿನ ನೀರಿನ ಚೀಲ ಕಟ್ಟುತ್ತಿದ್ದರು. ಬಟ್ಟೆ ಜಿನುಗಿ ಗಾಳಿಗೆ ಆರುತ್ತಾ ಒಳಗಿನ ನೀರು ತಂಪಾಗಿರುತ್ತಿತ್ತು. ಕುಡಿಯುವುದಕ್ಕೂ ಅದೇ, ರೇಡಿಯೇಟರಿಗೂ ಅದೇ.

ಆಯುಧಪೂಜೆಗೆ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ವಿಜಯದಶಮಿಯ ಮಾರನೆಯ ದಿನ ಬೆಳಗಿನ ಜಾವ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟೆವು. ಮುಂದೆ ಅಪ್ಪ, ಚಿಕ್ಕಪ್ಪ. ಹಿಂದೆ ಅಜ್ಜಿ, ಅಮ್ಮ, ನಾವು ಮಕ್ಕಳಿಬ್ಬರು. ಗಿಂಡಿ ಅಜ್ಜಿಯ ಮಡಿಲಲ್ಲಿ. ದಿಂಬಂ ಇಳಿಯುವಾಗ ಬ್ರೇಕಿನ ವಾಸನೆ ಬಂದ ಹಾಗಾದರೆ ನಿಲ್ಲಿಸಿ ಆರಿಸಬೇಕು, ಎರಡನೇ ಗೇರು ಬಿಡಕೂಡದು ಎಂದು ಅಮ್ಮ ಹಿಂದಿನಿಂದ ಮೆಲ್ಲಗೆ ಹೇಳುತ್ತಲೇ ಇದ್ದಳು. ಅಪ್ಪ ಚಿಕ್ಕಪ್ಪನ ಕಡೆ ತಿರುಗಿ, 'ಎರಡನೇ ಗೇರಲ್ಲೇ ಇಳೀಬೇಕು ಕಣಯ್ಯ' ಎಂದು ಅದನ್ನೇ ಹೇಳುತ್ತಿದ್ದರು. ಘಾಟಿಯ ಕೆಳಗೆ ಬಣ್ಣಾರಿ ಅಮ್ಮನ ಗುಡಿಯ ಮುಂದೆ ಎಲ್ಲರೂ ಉಸಿರು ಬಿಟ್ಟೆವು.

ಮರುದಿನ ಮಂಡಪಂ ತಲುಪಿದೆವು. ಅಲ್ಲಿಗೆ ಕಾರಿನ ದಾರಿ ಮುಗಿಯಿತು. ರಾಮೇಶ್ವರ ದ್ವೀಪಕ್ಕೆ ಆಗ ಇದ್ದುದು 1914ರಲ್ಲಿ ಕಟ್ಟಿದ ಪಾಂಬನ್ ರೈಲು ಸೇತುವೆ ಒಂದೇ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿ ಊರು ಕೊಚ್ಚಿಹೋದಾಗಲೂ ಹಾನಿಗೊಂಡು ಮತ್ತೆ ಎದ್ದು ನಿಂತ ಸೇತುವೆ ಅದು. ರಸ್ತೆ ಸೇತುವೆ ಆದದ್ದು 1988ರ ಅಕ್ಟೋಬರಿನಲ್ಲಿ. ಅಷ್ಟೊಂದು ಸಿದ್ಧಮಾಡಿ ತಂದ ಕಾರನ್ನು ಈಚೆ ದಡದಲ್ಲಿ ಒಂದು ಮರದ ಕೆಳಗೆ ಬಿಟ್ಟು, ಅಜ್ಜಿಯನ್ನು ಎತ್ತಿಕೊಂಡ ಹಾಗೆ ರೈಲು ಹತ್ತಿಸಿದೆವು. ಎರಡೂ ಕಡೆ ಸಮುದ್ರ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದ್ದಳು.

ಗುಡಿಯಲ್ಲಿ ಗಿಂಡಿಯ ಬೆಸುಗೆ ಬಿಡಿಸಿ ಅರ್ಚಕರು ಗಂಗೆಯನ್ನು ಲಿಂಗದ ಮೇಲೆ ಬಿಟ್ಟರು. ಹನ್ನೆರಡು ವರ್ಷ ಕಾದ ನೀರು ಅರೆ ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು ಉದ್ದನೆಯ ಪ್ರಾಕಾರದ ಕಂಬಕ್ಕೆ ಒರಗಿ ಕೂತ ಅಜ್ಜಿ, ಅಮ್ಮನ ಕೈ ಹಿಡಿದು ಗಾಜಿನ ಬಳೆಗಳನ್ನು ಸರಿಸಿ ನೋಡಿದಳು. ಹೊರಟಾಗಿನಿಂದ ಒಂದು ಮಾತೂ ಕೇಳಿರಲಿಲ್ಲ. 'ಗೊತ್ತು ಕಣೆ ನಂಗೆ. ಈ ಯಾತ್ರೇಲಿ ಅರ್ಧ ನಿಂದು' ಅಂದಳು. 'ಹಾಗನ್ನಬೇಡಿ ಅತ್ತೆ' ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಮ್ಮ ಮನೆಯಲ್ಲಿ ಆ ಕಾರಿನ ಬಗ್ಗೆ, ಅದಕ್ಕೆ ಯಾರು ಏನು ಕೊಟ್ಟರು ಎಂಬುದರ ಬಗ್ಗೆ, ಬಾಯಿಬಿಟ್ಟು ಹೇಳಿದ ಲೆಕ್ಕ ಅದೊಂದೇ.

ಅರಿಶಿನ ಬೇಕಾದದ್ದು ವಾಪಸು ಬರುವಾಗ. ದಿಂಬಂ ಏರುವಾಗ ಅರ್ಧದಲ್ಲಿ ಬಾನೆಟ್ಟಿನಿಂದ ಆವಿ ಎದ್ದಿತು. ರೇಡಿಯೇಟರಿನ ಕೆಳಗಿನ ಬೆಸುಗೆ ಬಿಟ್ಟಿತ್ತು. ಸುತ್ತ ಕಾಡು, ಸಂಜೆ ನಾಲ್ಕು ಗಂಟೆ. ಅಪ್ಪ ಕೋಪದಲ್ಲಿ ಮುಚ್ಚಳಕ್ಕೆ ಕೈ ಹಾಕಹೊರಟರು. 'ತಡೀರಿ, ಆರಲಿ' ಎಂದು ಅಮ್ಮ ಆ ದಿನ ಮೊದಲ ಸಲ ಗಟ್ಟಿಯಾಗಿ ಅಂದಳು. ಅರ್ಧ ಗಂಟೆ ಬಿಟ್ಟು, ಒದ್ದೆ ಬಟ್ಟೆ ಹಾಕಿ ಮುಚ್ಚಳ ತೆಗೆಸಿದಳು. ಚೀಲದ ನೀರಿನಲ್ಲಿ ನೂರು ಗ್ರಾಂ ಅರಿಶಿನ ಕದಡಿ ಹುಯ್ದು, ಎಂಜಿನ್ನು ಶುರುಮಾಡಿಸಿದಳು. ಸ್ವಲ್ಪ ಹೊತ್ತು ಹಳದಿ ನೀರು ತೊಟ್ಟಿಕ್ಕಿತು. ಆಮೇಲೆ ನಿಂತಿತು. ಮೊದಲ ಗೇರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಏರಿ, ಕತ್ತಲಾದ ಮೇಲೆ ಚಾಮರಾಜನಗರ ಸೇರಿ, ಬೆಳಿಗ್ಗೆ ಬೆಸುಗೆ ಹಾಕಿಸಿಕೊಂಡೆವು. ಅಜ್ಜಿ ಮುಂದಿನ ವರ್ಷ ಮಾಘದಲ್ಲಿ ತೀರಿಕೊಂಡಳು. ಆಗ ಗೂಡಿನಲ್ಲಿದ್ದುದು ಬರೀ ಗಿಂಡಿ.

ಊರಿನಲ್ಲಿ ಆ ಪ್ರಯಾಣದ ಕಥೆ ಬಹಳ ವರ್ಷ ನಡೆಯಿತು. ಅಪ್ಪ ಚೆನ್ನಾಗಿ ಹೇಳುತ್ತಿದ್ದರು. 'ಹದಿನೇಳು ವರ್ಷದ ಗಾಡಿ ಕಣ್ರೀ, ದಿಂಬಂ ಹತ್ತಿಸಿಬಿಟ್ಟೆ' ಅನ್ನುವರು. ಅರಿಶಿನದ ಭಾಗ ಬಂದಾಗ 'ಒಂದಿಷ್ಟು ಅರಿಶಿನ ಹಾಕಿದೆವು' ಎಂದು ಬಹುವಚನ ಬರುತ್ತಿತ್ತು. ಅದರಲ್ಲಿ ಮೋಸವಿರಲಿಲ್ಲ. ಎಲ್ಲ ಮನೆಯಲ್ಲಿಯೂ ಕಥೆ ಹೀಗೇ ಕಟ್ಟಿಕೊಳ್ಳುತ್ತದೆ. ಹೊರಗೆ ಕಾಣುವ ಕೆಲಸಕ್ಕ��� ಏಕವಚನ, ಒಳಗೆ ನಡೆದ ಕೆಲಸಕ್ಕೆ ಬಹುವಚನ.

ಕಾಲ ಬೇಗ ಬದಲಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದಕ್ಕೆ ಕೈ ಹಾಕಿ ತಿರುಗಿಸುವ ಹ್ಯಾಂಡಲ್ಲೂ ಬೇಕಿಲ್ಲ, ತಿಂಗಳುಗಟ್ಟಲೆಯ ಸಿದ್ಧತೆಯೂ ಬೇಕಿಲ್ಲ. ಹೆಂಗಸರು ಸಲೀಸಾಗಿ ಓಡಿಸಬಹುದಾದ ಹಗುರ ಗಾಡಿ. ನಾನು ಕಾರು ಕಲಿತದ್ದು ಅಂಥದ್ದರಲ್ಲಿಯೇ. ನಮ್ಮ ಅಂಬಾಸಿಡರನ್ನು 1992ರಲ್ಲಿ ಅಪ್ಪ ಮಾರಿದರು. ಉತ್ತರಪಾಡದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಪತ್ರಿಕೆಗಳೆಲ್ಲ ಮಂತ್ರಿಗಳ ಬಿಳಿ ಕಾರು, ಕಲ್ಕತ್ತೆಯ ಹಳದಿ ಟ್ಯಾಕ್ಸಿ ಎಂದು ನೆನಪು ಮಾಡಿಕೊಂಡವು. ಪಾಂಬನ್ನಿನ ಹಳೆಯ ರೈಲು ಸೇತುವೆಯೂ ವಿಶ್ರಾಂತಿ ಪಡೆದು, 2025ರ ಏಪ್ರಿಲಿನಲ್ಲಿ ಪಕ್ಕದಲ್ಲಿಯೇ ಹೊಸದು ಬಂತು.

ಬಳೆಗಳು ಏನಾದವೆಂದು ನೀವು ಕೇಳುವಿರಿ. ಲೆಕ್ಕದ ಪುಸ್ತಕದಲ್ಲಿ ತಿಂಗಳು ತಿಂಗಳೂ 'ಗಿರವಿ ಬಡ್ಡಿ' ಎಂಬ ಸಾಲು 1984ರವರೆಗೆ ಬರುತ್ತದೆ. ಆ ವರ್ಷದ ದೀಪಾವಳಿಯ ಪುಟದಲ್ಲಿ 'ಬಳೆ ಬಿಡಿಸಿದ್ದು, ಒಂದು' ಎಂದಿದೆ. ಇನ್ನೊಂದು ಅಸಲು ಬಡ್ಡಿಗೆ ಸರಿಹೋಯಿತು. ಕಾರು ಮಾರಿದ ಹಣದಲ್ಲಿ ಗೋದಾಮಿಗೆ ತಗಡು ಹೊದಿಸಿದರು. ಉಳಿದ ಆ ಒಂಟಿ ಬಳೆಯನ್ನು ಅಮ್ಮ ಬಲಗೈಗೆ ಹಾಕಿಕೊಂಡಳು, ಕೊನೆಯವರೆಗೂ. ಜೊತೆಯಿಲ್ಲದ ಬಳೆ ಶೋಭೆಯಲ್ಲವೆಂದು ಯಾರಾದರೂ ಅಂದರೆ, 'ಇನ್ನೊಂದು ರಾಮೇಶ್ವರಕ್ಕೆ ಹೋಗಿದೆ' ಅನ್ನುತ್ತಿದ್ದಳು. ಆ ಮಾತಿನಲ್ಲಿ ಕೊರಗು ಇರಲಿಲ್ಲ. ಆದರೆ ಕೊಟ್ಟವರಿಗೆ ಕೊರಗಿಲ್ಲ ಎಂಬುದು ಪಡೆದವರು ಲೆಕ್ಕ ಮರೆಯುವುದಕ್ಕೆ ಕಾರಣವಾಗಬಾರದು.

ಬರ್ತಾ ಬೆಂಜ್ ಬಹಳ ಕಾಲ ಬದುಕಿದಳು. 1944ರ ಮೇ 3ರಂದು ಆಕೆಗೆ 95 ತುಂಬಿದಾಗ, ಆಕೆಯ ಗಂಡ ಓದಿದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯವು ಆಕೆಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡು ದಿನ ಬಿಟ್ಟು ಆಕೆ ತೀರಿಕೊಂಡಳು. 1871ರಲ್ಲಿ ಕೊಟ್ಟ ಬಳುವಳಿಗೆ ಅಷ್ಟು ವರ್ಷದ ಮೇಲೆ ಬಂದ ರಸೀತಿ ಅದು. ನಮ್ಮ ಅಮ್ಮಂದಿರಿಗೆ ಯಾವ ವಿದ್ಯಾಲಯವೂ ರಸೀತಿ ಕೊಡುವುದಿಲ್ಲ. ಅವರ ಹೆಸರನ್ನು ಬರೆಯಬೇಕಾದವರು ನಾವೇ. ನಿಮ್ಮ ಮನೆಯ ಹಳೆಯ ಸ್ಕೂಟರು, ಪಂಪ್‌ಸೆಟ್ಟು, ಹೊಲಿಗೆ ಮಿಷನ್ನು, ಸೈಟು, ಯಾವುದನ್ನೇ ಆಗಲಿ ಒಮ್ಮೆ ನೋಡಿ. ಅದರ ಕಾಗದದಲ್ಲಿ ಯಾರ ಹೆಸರಿದೆ, ಅದಕ್ಕಾಗಿ ಯಾರ ಕೈ ಬರಿದಾಯಿತು ಎಂದು ಮಕ್ಕಳಿಗೆ ಹೇಳಿ. ಹೇಳುವಾಗ ದಯವಿಟ್ಟು ಏಕವಚನದಲ್ಲಿ ಹೇಳಿ, ಹೆಸರು ಹಿಡಿದು.